ಶಾಸನದ ಅಂಜಿಕೆ, ಶುಶ್ರೂಷೆಯ ವಿಳಂಬ

1983ರಲ್ಲಿ ಐರ್ಲೆಂಡ್ ದೇಶವು ಸಂವಿಧಾನದ ಎಂಟನೆಯ ತಿದ್ದುಪಡಿಯ ಮೂಲಕ ಗರ್ಭಸ್ಥ ಶಿಶುವಿಗೂ ತಾಯಿಗೂ ಬದುಕುವ ಹಕ್ಕು ಸಮಾನವೆಂದು ಸಾರಿತು. ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದಲ್ಲಿ ಗರ್ಭಪಾತ ಸಮ್ಮತವೆಂದು 1992ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಅನಾರೋಗ್ಯವು ಪ್ರಾಣಾಪಾಯವಾಗುವ ಗಳಿಗೆ ಯಾವುದು? ಶಾಸನ ಅದನ್ನು ವಿವರಿಸಲಿಲ್ಲ. 1861ರ ಕಾಯಿದೆಯ ಜೀವಾವಧಿ ಶಿಕ್ಷೆಯ ಭಯವಂತೂ ವೈದ್ಯರ ಬೆನ್ನಿಗಿತ್ತು.

ಬೆಳಗಾವಿಯಿಂದ ಅಲ್ಲಿಗೆ ಹೋಗಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್, ಹದಿನೇಳು ವಾರಗಳ ಗರ್ಭಿಣಿಯಾಗಿ, 2012ರ ಅಕ್ಟೋಬರ್ 21ರಂದು ಗಾಲ್ವೇ ನಗರದ ಆಸ್ಪತ್ರೆಯನ್ನು ಸೇರಿದರು. ಗರ್ಭಸ್ರಾವ ಅನಿವಾರ್ಯವೆಂದು ವೈದ್ಯರೇ ತಿಳಿಸಿದ್ದರು. ಮರುದಿನ ಗರ್ಭಕೋಶದೊಳಗಿನ ನೀರಿನ ಪೊರೆ ಹರಿದು ಸೋಂಕಿಗೆ ದಾರಿಯಾಯಿತು. ಗರ್ಭವನ್ನು ತೆಗೆಯಿರೆಂದು ಬೇಡಿದರೂ, ಭ್ರೂಣದ ಹೃದಯ ಮಿಡಿಯುತ್ತಿರುವಾಗ ಕಾನೂನು ಒಪ್ಪದೆಂಬ ಉತ್ತರ ಬಂದಿತು. 24ರಂದು ಗರ್ಭವು ತಾನಾಗಿ ಇಳಿಯುವಷ್ಟರಲ್ಲಿ ನಂಜು ಮೈಯೆಲ್ಲ ವ್ಯಾಪಿಸಿತ್ತು. 28ರಂದು ಸವಿತಾ ತೀರಿಕೊಂಡರು.

2013ರ ತನಿಖಾ ವರದಿಯು ರೋಗಿಯ ನಿಗಾದಲ್ಲಾದ ಲೋಪಗಳನ್ನೂ ಕಾನೂನಿನ ಅಸ್ಪಷ್ಟತೆಯನ್ನೂ ಎತ್ತಿ ತೋರಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66.4 ಮತಗಳು ತಿದ್ದುಪಡಿಯ ರದ್ದತಿಯ ಪರವಾಗಿ ಬಿದ್ದವು.

ಉಳಿಯಲಾರದ ಜೀವಕ್ಕಾಗಿ ಕಾದು ಕುಳಿತದ್ದರಿಂದ ಉಳಿಯಬಹುದಾಗಿದ್ದ ಜೀವವೂ ಹೋಯಿತು. ಅಪಾಯ ಖಚಿತವಾಗುವವರೆಗೆ ವೈದ್ಯನ ಕೈಯನ್ನು ಕಟ್ಟಿಹಾಕುವ ಶಾಸನವು ಯಾರನ್ನು ರಕ್ಷಿಸಿತೆಂದು ವಿವೇಕಿಗಳು ಆಲೋಚಿಸಬೇಕು.