ಚೋಮನ ಎತ್ತು, ಸಾಕವ್ವನ ಹುಂಜ

1933ರಲ್ಲಿ ಬಂದ ಕಾರಂತರ 'ಚೋಮನ ದುಡಿ'ಯನ್ನು ಮೊನ್ನೆ ಮತ್ತೆ ಓದಿದೆ. ಚೋಮನಿಗೆ ಎತ್ತುಂಟು, ರಟ್ಟೆಯಲ್ಲಿ ಕಸುವುಂಟು; ಹೊಲೆಯನೆಂಬ ಒಂದೇ ಕಾರಣಕ್ಕೆ ಉಳಲು ಭೂಮಿಯಿಲ್ಲ. ಆ ಕಾಲಕ್ಕೆ ಇಷ್ಟು ಬರೆದದ್ದೇ ದೊಡ್ಡದು. ಆದರೂ ದುಡಿ ಬಡಿಯುತ್ತಾ ಸಾಯುವ ಚೋಮನನ್ನು ದೂರದಿಂದಲೇ ನೋಡಿದಂತಿದೆ.

1973ರಲ್ಲಿ ಸಚಿವ ಬಸವಲಿಂಗಪ್ಪನವರ ಬೂಸಾ ಮಾತಿಗೆ ಎಷ್ಟು ಗದ್ದಲವೆದ್ದಿತು! ಅದೇ ವರ್ಷ ದೇವನೂರ ಮಹಾದೇವರ 'ದ್ಯಾವನೂರು' ಬಂತು. ಮುಂದೆ ಬಂದ ಅವರ 'ಒಡಲಾಳ'ದಲ್ಲಿ ಸಾಕವ್ವ ಕಳೆದ ಹುಂಜಕ್ಕಾಗಿ ಊರೆಲ್ಲ ಹುಡುಕ್ತಾಳೆ. ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ಕೂತು ರಾತ್ರೋರಾತ್ರಿ ತಿಂದು ಮುಗಿಸ್ತಾರೆ. ಓದಿದರೆ ಅಯ್ಯೋ ಅನ್ನಿಸೋಲ್ಲ. ನಗು ಬರುತ್ತೆ, ಹಿಂದೇನೇ ಹೊಟ್ಟೆ ಉರಿಯುತ್ತೆ. ಮಾತೂ ನಂಜನಗೂಡು ಸೀಮೆಯದೇ, ಯಾರೂ ತಿದ್ದಿಲ್ಲ.

ಮೇಷ್ಟ್ರುಗಳೇ, ಮಕ್ಕಳಿಗೆ ಎರಡನ್ನೂ ಓದಿಸಿ. ಮೊದಲು ಸಾಕವ್ವನ್ನ.