ಎರಡು ಹೆಸರು, ಒಂದು ಕೆಲಸ

ಚರಿತ್ರೆಯ ಪುಸ್ತಕಗಳಲ್ಲಿ ಒಂದು ಕೃತಿಗೆ ಒಬ್ಬನೇ ಕರ್ತೃವಿರುವುದು ರೂಢಿ. ಗಂಡ ಹೆಂಡಿರು ಕೂಡಿ ಮಾಡಿದ ಕೆಲಸವಾದರೆ ಗಂಡನ ಹೆಸರು ಮುಖಪುಟಕ್ಕೂ ಹೆಂಡತಿಯ ಹೆಸರು ಕೃತಜ್ಞತೆಯ ಪುಟಕ್ಕೂ ಹೋಗುತ್ತದೆ. ಕೀರ್ತಿಯ ಶಿಖರದಲ್ಲಿದ್ದಾಗಲೇ ಈ ರೂಢಿಯನ್ನು ಬಹಿರಂಗವಾಗಿ ತಿದ್ದಿಕೊಂಡ ಕಲಾವಿದ ದಂಪತಿಗಳು ಕ್ರಿಸ್ಟೊ ಮತ್ತು ಜೀನ್-ಕ್ಲೋಡ್. ಜರ್ಮನಿಯ ಚರಿತ್ರೆಯನ್ನು ಬೋಧಿಸುವಾಗ, ಬರ್ಲಿನ್ನಿನ ಸಂಸತ್ ಭವನಕ್ಕೆ ಇಬ್ಬರು ಬಟ್ಟೆ ಹೊದಿಸಿದ ಸಂಗತಿಯನ್ನು ನಾನು ಹೇಳಿದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತಿತ್ತು. "ಏಕೆ ಸಾರ್?" ಎಂಬ ಪ್ರಶ್ನೆಗೆ ನಲವತ್ತು ನಿಮಿಷದ ಪೀರಿಯಡ್ಡು ಸಾಲುತ್ತಿರಲಿಲ್ಲ. ಈಗ ಬಿಡುವಿದೆ, ಸಾವಧಾನವಾಗಿ ಹೇಳುತ್ತೇನೆ.

ಇಬ್ಬರೂ ಹುಟ್ಟಿದ್ದು ಒಂದೇ ದಿನ, 1935ರ ಜೂನ್ 13. ಕ್ರಿಸ್ಟೊ ಹುಟ್ಟಿದ್ದು ಬಲ್ಗೇರಿಯಾದ ಗಾಬ್ರೊವೊದಲ್ಲಿ. ಜೀನ್-ಕ್ಲೋಡ್ ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ, ಫ್ರೆಂಚ್ ಸೇನಾಧಿಕಾರಿಯೊಬ್ಬರ ಮಗಳಾಗಿ. ಸೋಫಿಯಾದ ಕಲಾ ಅಕಾಡೆಮಿಯಲ್ಲಿ ಕಲಿತ ಕ್ರಿಸ್ಟೊ 1957ರಲ್ಲಿ ಪ್ರಾಗ್‌ನಿಂದ ಸರಕು ರೈಲಿನಲ್ಲಿ ಅಡಗಿಕೊಂಡು ವಿಯೆನ್ನಾ ಸೇರಿದರು. ಮರುವರ್ಷ ಪ್ಯಾರಿಸ್ಸಿಗೆ ಬಂದು, ಹೊಟ್ಟೆಪಾಡಿಗಾಗಿ ಶ್ರೀಮಂತರ ಭಾವಚಿತ್ರ ಬರೆಯತೊಡಗಿದರು. ಹಾಗೆ ಒಬ್ಬ ಮಹಿಳೆಯ ಚಿತ್ರ ಬರೆಯಲು ಹೋದಲ್ಲಿ ಪರಿಚಯವಾದವರು ಆಕೆಯ ಮಗಳು ಜೀನ್-ಕ್ಲೋಡ್. ಈ ಸಂಪಾದನೆಯ ಚಿತ್ರಗಳಿಗೆ ಕ್ರಿಸ್ಟೊ ಕುಲನಾಮವಾದ 'ಜಾವಾಷೆಫ್' ಎಂದು ರುಜು ಹಾಕಿ, 'ಕ್ರಿಸ್ಟೊ' ಎಂಬುದನ್ನು ತಮ್ಮ ಮನಸ್ಸಿನ ಕಲೆಗೆ ಮೀಸಲಿಟ್ಟಿದ್ದರು. ಹೆಸರಿನ ಬೆಲೆ ಬಲ್ಲ ಮನುಷ್ಯ ಎಂಬುದು ಇದರಿಂದಲೇ ತಿಳಿಯುತ್ತದೆ.

1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಪೂರ್ವ ಯೂರೋಪಿನಿಂದ ತಪ್ಪಿಸಿಕೊಂಡು ಬಂದವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. 1962ರ ಜೂನ್ 27ರಂದು ಈ ದಂಪತಿಗಳು ಪ್ಯಾರಿಸ್ಸಿನ ವಿಸ್ಕೊಂಟಿ ಬೀದಿಯೆಂಬ ಇಕ್ಕಟ್ಟಾದ ಓಣಿಗೆ ಅಡ್ಡಲಾಗಿ 89 ಎಣ್ಣೆಯ ಪೀಪಾಯಿಗಳನ್ನು ಪೇರಿಸಿ 'ಕಬ್ಬಿಣದ ಪರದೆ' ಕಟ್ಟಿದರು. ಅನುಮತಿ ಸಿಕ್ಕಿರಲಿಲ್ಲ. ಎಂಟು ಗಂಟೆಗಳ ಕಾಲ ಬೀದಿ ಮುಚ್ಚಿತ್ತು.

1964ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದ ಮೇಲೆ ಕೆಲಸಗಳು ಹಿರಿದಾಗುತ್ತ ಹೋದವು. 1969ರಲ್ಲಿ ಸಿಡ್ನಿಯ ಬಳಿ ಸಮುದ್ರತೀರದ ಬಂಡೆಗಳಿಗೇ ಬಟ್ಟೆ ಹೊದಿಸಿದರು. 1983ರಲ್ಲಿ ಮಯಾಮಿಯ 11 ದ್ವೀಪಗಳ ಸುತ್ತ ಗುಲಾಬಿ ಬಣ್ಣದ ಬಟ್ಟೆ ತೇಲಿಬಿಟ್ಟರು. ಈ ದ್ವೀಪಗಳ ಕಲ್ಪನೆ ಜೀನ್-ಕ್ಲೋಡ್ ಅವರದು. ಕಾಗದದ ಮೇಲೆ ಚಿತ್ರ ಬರೆಯುವವರು ಕ್ರಿಸ್ಟೊ ಒಬ್ಬರೇ. ಹಣಕಾಸು, ಕರಾರು, ಸಂಧಾನ, ಚಿತ್ರಗಳ ಮಾರಾಟ ಇವುಗಳ ಭಾರ ಹೆಚ್ಚಾಗಿ ಜೀನ್-ಕ್ಲೋಡ್ ಅವರ ಮೇಲೆ. ಯಾವ ಕಂಪನಿಯ ಪ್ರಾಯೋಜಕತ್ವವನ್ನೂ ಸ್ವೀಕರಿಸದೆ, ಪೂರ್ವಸಿದ್ಧತೆಯ ಚಿತ್ರಗಳನ್ನು ಮಾರಿಯೇ ಖರ್ಚು ತೂಗಿಸುತ್ತಿದ್ದರು. ಒಂದೇ ವಿಮಾನದಲ್ಲಿ ಇಬ್ಬರೂ ಪ್ರಯಾಣಿಸುತ್ತಿರಲಿಲ್ಲ. ಅಪಘಾತವಾದರೂ ಉಳಿದವರು ಕೆಲಸ ಮುಗಿಸಬೇಕೆಂಬ ನಿಶ್ಚಯ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುತ್ತಾರಲ್ಲ, ಇವರ ಪಾಡು ಅದಕ್ಕಿಂತ ದೊಡ್ಡದು. 1976ರಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಸುಮಾರು 39 ಕಿಲೋಮೀಟರ್ ಉದ್ದದ ಬಿಳಿ ಬಟ್ಟೆಯ ಬೇಲಿ ಎಳೆಯುವ ಮುನ್ನ 59 ಮಂದಿ ಜಮೀನುದಾರರನ್ನು ಒಪ್ಪಿಸಬೇಕಾಯಿತು; 18 ಸಾರ್ವಜನಿಕ ವಿಚಾರಣೆಗಳು ನಡೆದವು. ಬೇಲಿ ನಿಂತದ್ದು 14 ದಿನ. ಇಷ್ಟು ಬೇಗ ಇಲ್ಲವಾಗುವುದು ಕಲೆಯೇ ಎಂಬ ಆಕ್ಷೇಪಕ್ಕೆ ಅಲ್ಲಿಯ ರೈತ ಕುಟುಂಬದ ಗೃಹಿಣಿಯೊಬ್ಬರು ಕೊಟ್ಟ ಉತ್ತರ ಮೇಸಲ್ಸ್ ಸಹೋದರರ ಸಾಕ್ಷ್ಯಚಿತ್ರದಲ್ಲಿದೆ. ತಾನು ಕಷ್ಟಪಟ್ಟು ಮಾಡಿದ ಅಡುಗೆಯೂ ಒಮ್ಮೊಮ್ಮೆ ಕಲೆಯೇ, ಅದೂ ಉಂಡೊಡನೆ ಮುಗಿದುಹೋಗುತ್ತದೆ ಎಂಬುದು ಆಕೆಯ ಮಾತಿನ ಸಾರ. ದಿನವೂ ಅಂಗಳದಲ್ಲಿ ರಂಗೋಲಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬರ್ಲಿನ್. ರೈಷ್‌ಟಾಗ್ ಭವನಕ್ಕೆ 1933ರ ಫೆಬ್ರವರಿ 27ರಂದು ಬೆಂಕಿ ಬಿದ್ದು, ಅದೇ ನೆಪದಲ್ಲಿ ಹಿಟ್ಲರ್ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡದ್ದನ್ನು ನೀವು ಓದಿದ್ದೀರಿ. ಯುದ್ಧಾನಂತರ ಗೋಡೆ ಅದರ ಬೆನ್ನಿಗೇ ಹಾದುಹೋಯಿತು. 1971ರಲ್ಲಿ ಮೈಕೆಲ್ ಕಲನ್ ಎಂಬವರು ಬರ್ಲಿನ್ನಿನಿಂದ ಕಳುಹಿಸಿದ ಒಂದು ಅಂಚೆ ಕಾರ್ಡಿನಿಂದ ಯೋಜನೆ ಹುಟ್ಟಿತು. 1977, 1981, 1987 ಹೀಗೆ ಮೂರು ಸಲ ತಿರಸ್ಕೃತವಾಯಿತು. ಗೋಡೆ ಬಿದ್ದ ಮೇಲೆ, ಚಾನ್ಸಲರ್ ಹೆಲ್ಮುಟ್ ಕೋಲ್ ವಿರೋಧಿಸಿದರೂ, 1994ರ ಫೆಬ್ರವರಿ 25ರಂದು ಸಂಸತ್ತು ಚರ್ಚಿಸಿ 292-223 ಮತಗಳಿಂದ ಒಪ್ಪಿತು. ಒಂದು ಕಲಾಕೃತಿಯಾಗಬೇಕೇ ಬೇಡವೇ ಎಂದು ರಾಷ್ಟ್ರದ ಪ್ರತಿನಿಧಿಗಳು ಮತ ಹಾಕಿದ್ದು ಅಪರೂಪದ ಘಟನೆ. 1995ರ ಜೂನ್ 24ರಿಂದ ಎರಡು ವಾರ, ಒಂದು ಲಕ್ಷ ಚದರ ಮೀಟರ್ ಬೆಳ್ಳಿಯ ಹೊಳಪಿನ ಬಟ್ಟೆಯೊಳಗೆ ಆ ಕಟ್ಟಡ ಮರೆಯಾಯಿತು. ಐವತ್ತು ಲಕ್ಷ ಜನ ನೋಡಿದರು. ಮುಚ್ಚಿದಾಗಲೇ ಜನ ಅದನ್ನು ಮತ್ತೆ ಕಣ್ಣಿಟ್ಟು ನೋಡಿದರೆಂಬುದು ನನ್ನ ತಿಳುವಳಿಕೆ. ಏಕೆ ಎಂಬುದಕ್ಕೆ ನನ್ನ ಉತ್ತರ ಅಷ್ಟೇ.

ಆ 1994ನೆಯ ಇಸವಿಯಲ್ಲೇ ಇನ್ನೊಂದು ಸಂಗತಿ ನಡೆಯಿತು. 1961ರಿಂದ ಮಾಡಿದ ಹೊರಾಂಗಣದ ಎಲ್ಲ ಕೃತಿಗಳೂ 'ಕ್ರಿಸ್ಟೊ ಮತ್ತು ಜೀನ್-ಕ್ಲೋಡ್' ಅವರವು ಎಂದು ಇಬ್ಬರೂ ಘೋಷಿಸಿದರು. ಅಲ್ಲಿಯವರೆಗೆ 'ಕ್ರಿಸ್ಟೊ' ಎಂಬ ಒಂದೇ ಹೆಸರಿತ್ತು. ಒಬ್ಬ ಕಲಾವಿದ ಹೆಸರು ಮಾಡುವುದೇ ಕಷ್ಟವಾಗಿದ್ದ ಕಾಲದಲ್ಲಿ, ಅದರಲ್ಲೂ ಹೆಣ್ಣಿನ ಬಗ್ಗೆ ಪೂರ್ವಗ್ರಹವಿದ್ದ ಕಾಲದಲ್ಲಿ, ತಿಳಿದೇ ಹಾಗೆ ಮಾಡಿದೆವು ಎಂಬುದು ಅವರ ವಿವರಣೆ. ಚಿತ್ರ ಬರೆಯದವರು ಕಲಾವಿದರು ಹೇಗಾಗುತ್ತಾರೆ ಎಂದು ಕೇಳುವವರಿದ್ದಾರೆ. ಕೃತಿ ಎಂದರೆ ಕಾಗದದ ಚಿತ್ರ ಮಾತ್ರವಾಗಿದ್ದರೆ ಆ ಪ್ರಶ್ನೆ ಸರಿ. ಇಲ್ಲಿ ಕೃತಿಯೆಂದರೆ ರೈತನ ಒಪ್ಪಿಗೆ, ನ್ಯಾಯಾಲಯ, ಮತದಾನ, ಬಟ್ಟೆ, ಗಾಳಿ ಎಲ್ಲವೂ ಸೇರಿದ್ದು. ಆದ್ದರಿಂದ ಆ ಘೋಷಣೆಯನ್ನು ಗಂಡನ ಔದಾರ್ಯವೆನ್ನಲಾರೆ, ಚರಿತ್ರೆಯ ದಾಖಲೆಯೊಂದು ಸರಿಯಾದದ್ದು ಎನ್ನುತ್ತೇನೆ.

ಇವರ ಹಾದಿಯಲ್ಲಿ ನೆರಳೂ ಇದೆ. 1991ರಲ್ಲಿ ಜಪಾನ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಒಟ್ಟಿಗೆ ಅರಳಿಸಿದ 3,100 ದೊಡ್ಡ ಕೊಡೆಗಳಲ್ಲಿ ಒಂದು ಗಾಳಿಗೆ ಕಿತ್ತು ಬಂದು ಪ್ರೇಕ್ಷಕಿಯೊಬ್ಬರು ಸತ್ತರು. ಅವನ್ನು ಬಿಚ್ಚುವಾಗ ಜಪಾನಿನಲ್ಲಿ ಒಬ್ಬ ಕೆಲಸಗಾರ ವಿದ್ಯುದಾಘಾತದಿಂದ ತೀರಿಕೊಂಡರು. ಸಂಭ್ರಮದ ವರ್ಣನೆಯಲ್ಲಿ ಈ ಇಬ್ಬರನ್ನು ಮರೆಯಬಾರದು.

2005ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 7,503 ಕೇಸರಿ ಬಣ್ಣದ ದ್ವಾರಗಳನ್ನು ಇಬ್ಬರೂ ಕೂಡಿ ನಿಲ್ಲಿಸಿದರು. 2009ರ ನವೆಂಬರ್ 18ರಂದು ಜೀನ್-ಕ್ಲೋಡ್ ನಿಧನರಾದರು. ಕ್ರಿಸ್ಟೊ 2016ರಲ್ಲಿ ಇಟಲಿಯ ಇಸೇಯೋ ಸರೋವರದ ಮೇಲೆ ಜನ ನಡೆದಾಡುವ ತೇಲುದಾರಿ ಹಾಸಿದರು. 2020ರ ಮೇ 31ರಂದು ಅವರೂ ಹೋದರು. ಮರುವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ವಿಜಯದ್ವಾರಕ್ಕೆ ಬಟ್ಟೆ ಹೊದಿಸಲಾಯಿತು. ಅದು ಅರವತ್ತು ವರ್ಷ ಹಿಂದಿನ ಕನಸು. ನಡೆಸಿಕೊಟ್ಟವರು ಅವರ ಬಳಗ. ಇಬ್ಬರೂ ಇಲ್ಲದ ಆ ಕೃತಿಗೂ ಎರಡು ಹೆಸರು.

ನಿಮ್ಮಲ್ಲಿ ಹಲವರು ಈಗ ಮನೆತನದ ಇತಿಹಾಸ ಬರೆಯುತ್ತಿದ್ದೀರಿ. ಅಂಗಡಿ, ತೋಟ, ಶಾಲೆ ಏನೇ ಇರಲಿ, ಕಟ್ಟಿದವರು ಅಜ್ಜ ಎಂದು ಬರೆಯುವ ಮುನ್ನ ಅಜ್ಜಿ ಅಲ್ಲಿ ಏನು ಮಾಡುತ್ತಿದ್ದರೆಂದು ವಿಚಾರಿಸಿ. ಬಲ್ಲವರು ಬದುಕಿರುವಾಗಲೇ ಕೇಳಿ, ಆಕೆಯ ಹೆಸರನ್ನೂ ಅದೇ ಸಾಲಿನಲ್ಲಿ ಬರೆಯಿರಿ.