ಉಣ್ಣೋ ಹೊತ್ತಿನ ಚರಿತ್ರೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಒಂದು ರೂಢಿ ಉಂಟು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪುಸ್ತಕ ಬರೆದವರನ್ನು ಗ್ರಂಥಾಲಯಕ್ಕೋ ದಾಖಲೆ ಭಂಡಾರಕ್ಕೋ ಕರೆಸಿ ಮಾತಾಡಿಸುತ್ತಾರೆ. ಆ ಊರಿನ ಚರಿತ್ರೆಯೂ ಅಲ್ಲಿ ಮಾತಿಗೆ ಬರುತ್ತದೆ. ಬಂದವರು ಕೇಳಿ, ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಒಳ್ಳೇದೇ. ನನ್ನದು ಒಂದೇ ಪ್ರಶ್ನೆ: ಆ ಊರು ಕಟ್ಟಿದವರ ಕೂಲಿ ಯಾರ ಕೈ ಸೇರಿತು?

1790ರಲ್ಲಿ ಕಾನೂನು ಮಾಡಿ ಪೊಟೊಮ್ಯಾಕ್ ನದಿಯ ದಡದಲ್ಲಿ ರಾಜಧಾನಿಗೆ ಜಾಗ ಗೊತ್ತು ಮಾಡಿದರು. ಆ ಕಡೆ ವರ್ಜೀನಿಯಾ, ಈ ಕಡೆ ಮೇರಿಲ್ಯಾಂಡ್. ಎರಡೂ ಗುಲಾಮಗಿರಿಯ ಸೀಮೆ. 1792ರಲ್ಲಿ ಶ್ವೇತಭವನಕ್ಕೆ, 1793ರಲ್ಲಿ ಸಂಸತ್ ಭವನಕ್ಕೆ ಅಡಿಗಲ್ಲು ಬಿತ್ತು. ಬಿಳಿಯ ಕೂಲಿಗಳೂ ಸ್ವತಂತ್ರ ಕರಿಯರೂ ದುಡಿದರು. ಸಾಲದ್ದಕ್ಕೆ ಸುತ್ತಲಿನ ಒಡೆಯರಿಂದ ಗುಲಾಮರನ್ನು ಬಾಡಿಗೆಗೆ ಹಿಡಿದರು. ಕಲ್ಲು ಒಡೆದವರು, ಮರ ಕೊಯ್ದವರು, ಇಟ್ಟಿಗೆ ಸುಟ್ಟವರು ಅವರು.

ಆ ಕೂಲಿಪಟ್ಟಿಗಳು ಇವತ್ತಿಗೂ ಉಳಿದಿವೆ. ಶ್ವೇತಭವನದ ಬಡಗಿಗಳ ಪಟ್ಟಿಯಲ್ಲಿ ಪೀಟರ್, ಟಾಮ್, ಬೆನ್, ಹ್ಯಾರಿ ಅಂತ ಬರೆದಿದೆ. ಮನೆತನದ ಹೆಸರಿಲ್ಲ, ಒಡೆಯನ ಹೆಸರಿದೆ. ಒಡೆಯ ಯಾರು? ಆ ಭವನದ ನಕ್ಷೆ ಬರೆದ ಜೇಮ್ಸ್ ಹೋಬನ್. ದುಡಿಮೆ ಇವರದು, ಡಾಲರು ಅವನದು.

ಇದನ್ನು ಓದಿದಾಗ ನನಗೆ ನಮ್ಮ ತಾತ ನೆನಪಾದ. ಜೀತಕ್ಕಿದ್ದವನು. ಅವನ ಹೆಸರು ಬರೆದಿದ್ದು ಒಂದೇ ಪುಸ್ತಕದಲ್ಲಿ, ಗೌಡರ ಸಾಲದ ಲೆಕ್ಕದಲ್ಲಿ. 'ದುಡಿದಷ್ಟೂ ಸಾಲ ಬೆಳೀತಿತ್ತು ಕಣೋ ಮಗ' ಅಂತಿದ್ದ. ಗುಲಾಮಗಿರಿ ಬೇರೆ, ಜೀತ ಬೇರೆ, ನಿಜ. ಆದರೆ ಲೆಕ್ಕ ಬರೆದ ಕೈಗಳ ಬುದ್ಧಿ ಒಂದೇ.

ಸಂಸತ್ ಭವನದ ಗುಮ್ಮಟದ ತುದಿಯಲ್ಲಿ 'ಸ್ವಾತಂತ್ರ್ಯ'ದ ಕಂಚಿನ ವಿಗ್ರಹ ನಿಂತಿದೆ. ಅದನ್ನು ಎರಕ ಹೊಯ್ದವರಲ್ಲಿ ಫಿಲಿಪ್ ರೀಡ್ ಒಬ್ಬ. ಅವನು ಗುಲಾಮ. ವಾರದ ದಿನಗಳ ಕೂಲಿ ಒಡೆಯನಿಗೆ. ಭಾನುವಾರ ದುಡಿದರೆ ಮಾತ್ರ ದಿನಕ್ಕೆ ಒಂದೂಕಾಲು ಡಾಲರ್ ಅವನ ಕೈಗೆ. ಸ್ವಾತಂತ್ರ್ಯದೇವಿಯ ಮೈ ಎರಕ ಹೊಯ್ದವನಿಗೆ ತನ್ನ ಮೈಯೇ ತನ್ನದಲ್ಲ!

1862ರ ಏಪ್ರಿಲ್ 16ರಂದು ರಾಜಧಾನಿಯಲ್ಲಿ ಗುಲಾಮಗಿರಿ ರದ್ದಾಯಿತು. ಸುಮಾರು 3,100 ಜನ ಬಿಡುಗಡೆ ಆದರು. ಪರಿಹಾರ ಯಾರಿಗೆ? ಒಡೆಯರಿಗೆ! ತಲೆಗೆ ಸರಾಸರಿ 300 ಡಾಲರಿನವರೆಗೆ. ಬೆವರು ಸುರಿಸಿದವನಿಗೋ, ದೇಶ ಬಿಟ್ಟು ಹೋಗೋದಾದರೆ 100 ಡಾಲರಿನವರೆಗೆ. ಒಡೆಯರು ಹಣಕ್ಕಾಗಿ ಹಾಕಿದ ಅರ್ಜಿಗಳೂ ದಾಖಲೆ ಭಂಡಾರದಲ್ಲಿವೆ. 1863ರ ಡಿಸೆಂಬರ್ 2ರಂದು ವಿಗ್ರಹ ಗುಮ್ಮಟಕ್ಕೇರಿತು. ಅಷ್ಟರಲ್ಲಿ ರೀಡ್ ಸ್ವತಂತ್ರನಾಗಿದ್ದ. ಆ ಭವನ ಕಟ್ಟಿದ ಗುಲಾಮರ ನೆನಪಿಗೆ ಅದರೊಳಗೆ ಒಂದು ಕಲ್ಲು ಇಟ್ಟದ್ದು 2012ರಲ್ಲಿ. ಅಡಿಗಲ್ಲು ಬಿದ್ದು 218 ವರ್ಷ ಕಳೆದಿತ್ತು.

ಆ ಕಲ್ಲು ತಾನಾಗಿ ಬರಲಿಲ್ಲ. ಯಾರೋ ಧೂಳು ಹಿಡಿದ ಕೂಲಿಪಟ್ಟಿ ಬಿಚ್ಚಿದರು, ಓದಿದರು, ಬರೆದರು, ಜನರ ಮುಂದೆ ನಿಂತು ಹೇಳಿದರು. ಉಣ್ಣೋ ಹೊತ್ತಿನ ಮಾತಿಗೆ ಬೆಲೆ ಬರೋದು ಆ ಪಟ್ಟಿ ಅಲ್ಲಿ ಬಿಚ್ಚಿಕೊಂಡಾಗ. ಅರಮನೆಯ ಅಂದ ಮಾತ್ರ ಹೇಳಿ ಕಳಿಸಿದರೆ ಅದು ಊಟದ ಜೊತೆಗಿನ ಉಪ್ಪಿನಕಾಯಿ.

ಹಳ್ಳಿಯ ಮೇಷ್ಟ್ರುಗಳೆ, ನಿಮ್ಮ ಶಾಲೆಯಲ್ಲೂ ಬಿಸಿಯೂಟದ ಹೊತ್ತು ಇದೆ. ಊರ ಕೆರೆಗೆ ಮಣ್ಣು ಹೊತ್ತ ಅಜ್ಜಿಯೊಬ್ಬಳು ಕೇರಿಯಲ್ಲಿ ಇದ್ದಾಳು. ಒಂದು ದಿನ ಆಕೆಯನ್ನು ಕರೆಯಿರಿ. ಬಾಗಿಲಾಚೆ ಅಲ್ಲ, ಎಲ್ಲ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ, ಅದೇ ತಟ್ಟೆಯಲ್ಲಿ ಬಡಿಸಿ. ಆಮೇಲೆ ಕೇಳಿ: 'ಅವ್ವಾ, ನಿನಗೆ ದಿನಕ್ಕೆ ಎಷ್ಟು ಕೊಟ್ಟರು?' ಆಕೆ ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳಲಿ, ಆಕೆಯ ಪೂರ್ತಿ ಹೆಸರಿನ ಜೊತೆ.